ಮಗಳ ಚೀಲದಲ್ಲಿ ಏನಿದೆ?



ನೀವು ಈಗ ಓದಲು ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದುತ್ತೀರಿ. ರೇಷನ್ ಕಾರ್ಡು ಓದುತ್ತೀರಿ. ಸಂಘದ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಎಷ್ಟು ಬರೆದಿದೆ ಅಂತ ನೋಡಿ ಸಹಿ ಹಾಕುತ್ತೀರಿ. ಆದರೆ ಮನೆಯಲ್ಲೇ ಇರುವ ಒಂದು ಪುಸ್ತಕವನ್ನು ತುಂಬಾ ಜನ ತಾಯಂದಿರು ಇನ್ನೂ ಮುಟ್ಟಿಲ್ಲ. ಅದು ಮಗಳ ಶಾಲೆಯ ಪುಸ್ತಕ.

ಯಾಕೆ ಮುಟ್ಟಿಲ್ಲ ಅಂತ ಕೇಳಿದರೆ ಒಂದೇ ಉತ್ತರ ಬರುತ್ತದೆ. "ಅದೆಲ್ಲ ಇಂಗ್ಲಿಷು ಟೀಚರ್. ನಮಗೇನು ಗೊತ್ತಾಗುತ್ತೆ?"

ಗೊತ್ತಾಗುತ್ತದೆ. ಹೇಗೆ ಅಂತ ಈ ಪಾಠದಲ್ಲಿ ನೋಡೋಣ. ನಿಮ್ಮ ಮಗ ಅಥವಾ ಮಗಳು ಆರನೇ ತರಗತಿಯಲ್ಲೋ ಏಳನೇ ತರಗತಿಯಲ್ಲೋ ಇದ್ದರೆ ಅವರ ಚೀಲವನ್ನು ಪಕ್ಕದಲ್ಲಿ ಇಟ್ಟುಕೊಂಡೇ ಇದನ್ನು ಓದಿ.

ಎರಡು ಭಾಷೆಯ ತರಗತಿ ಅಂದರೇನು?

ಮೊದಲು ನಮ್ಮ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಬಂದಾಗ ಎಬಿಸಿಡಿ ಶುರುವಾಗುತ್ತಿತ್ತು. 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಆಮೇಲೆ 2019-20ರಲ್ಲಿ ಕರ್ನಾಟಕ ಸರ್ಕಾರ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಒಂದನೇ ತರಗತಿಯಿಂದ ಶುರು ಮಾಡಿದರು. ಆ ವರ್ಷ ಸೇರಿದ ಮಕ್ಕಳು 2024-25ರಲ್ಲಿ ಆರನೇ ತರಗತಿಗೆ ಬಂದರು. 2024ರ ಬಜೆಟ್ಟಿನಲ್ಲಿ ಇನ್ನೂ 2,000 ಪ್ರಾಥಮಿಕ ಶಾಲೆಗಳನ್ನು ಎರಡು ಭಾಷೆಯ ಶಾಲೆ ಮಾಡುತ್ತೇವೆ ಅಂತ ಸರ್ಕಾರ ಹೇಳಿತು. ಹಾಗಾಗಿ ಇದು ಈಗ ಎಲ್ಲೋ ದೂರದ ಪೇಟೆಯ ಮಾತಲ್ಲ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಎಲ್ಲ ಕಡೆಯ ತಾಯಂದಿರ ಮಾತು.

ಇಂಥ ತರಗತಿಗೆ ಎರಡು ಭಾಷೆಯ ಪುಸ್ತಕ ಮಾಡಿದ್ದಾರೆ. ಒಂದೇ ಪಾಠ ಇಂಗ್ಲಿಷಿನಲ್ಲೂ ಇರುತ್ತದೆ, ಕನ್ನಡದಲ್ಲೂ ಇರುತ್ತದೆ. ಚಿತ್ರ ಒಂದೇ. ಲೆಕ್ಕದ ಅಂಕಿ ಒಂದೇ. ಇಂಗ್ಲಿಷ್ ಬಾರದಿದ್ದರೂ ಕನ್ನಡ ಇರುವ ಕಡೆ ಬೆರಳಿಟ್ಟು ಓದಿ. ಮಗಳು ಇಂಗ್ಲಿಷ್ ಇರುವ ಕಡೆ ಬೆರಳಿಡಲಿ. ಇಬ್ಬರೂ ಓದುತ್ತಿರುವುದು ಒಂದೇ ಸಂಗತಿ.

ನಿಮ್ಮ ಮಗಳ ಚೀಲದಲ್ಲಿ ಅಂಥ ಪುಸ್ತಕ ಇಲ್ಲವೇ? ಪೂರ್ತಿ ಇಂಗ್ಲಿಷ್ ಪುಸ್ತಕವೇ ಇದೆಯೇ? ಆಗಲೂ ದಾರಿ ಇದೆ. ಪಕ್ಕದ ಮನೆಯಲ್ಲಿ ಅದೇ ತರಗತಿಯ ಕನ್ನಡ ಮೀಡಿಯಂ ಮಗು ಇದ್ದರೆ ಆ ಪುಸ್ತಕವನ್ನು ಎರಡು ದಿನಕ್ಕೆ ಕೇಳಿ ತನ್ನಿ. ಸರ್ಕಾರಿ ಪಠ್ಯದಲ್ಲಿ ಗಣಿತ, ವಿಜ್ಞಾನ, ಸಮಾಜ ಎರಡೂ ಕಡೆ ಒಂದೇ ಪಾಠ. ಮಾತು ಮಾತ್ರ ಬೇರೆ.

ಕನ್ನಡ ಮೀಡಿಯಮ್ಮಿಗೆ ಹಾಕಬೇಕೋ, ಇಂಗ್ಲಿಷಿಗೆ ಹಾಕಬೇಕೋ ಅಂತ ನನ್ನನ್ನು ತುಂಬಾ ಜನ ಕೇಳುತ್ತಾರೆ. 2014ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಪ್ರಾಥಮಿಕ ಶಾಲೆಯಲ್ಲಿ ಇಂಥದೇ ಭಾಷೆಯಲ್ಲಿ ಓದಬೇಕು ಅಂತ ಸರ್ಕಾರ ಒತ್ತಾಯ ಮಾಡುವಂತಿಲ್ಲ. ಮಗುವಿನ ಪರವಾಗಿ ಆರಿಸುವ ಹಕ್ಕು ಹೆತ್ತವರದು ಅಂತ. ಅಂದರೆ ತೀರ್ಮಾನ ನಿಮ್ಮದು. ನನ್ನ ಅಭಿಪ್ರಾಯ ಹೇಳಲೇ? ಯಾವ ಬೋರ್ಡಿನ ಕೆಳಗೆ ಕೂತಿದ್ದಾಳೆ ಅನ್ನುವುದಕ್ಕಿಂತ, ಕೂತು ಅವಳಿಗೆ ಅರ್ಥವಾಗುತ್ತಿದೆಯೇ ಅನ್ನುವುದು ದೊಡ್ಡದು. ಅದನ್ನು ನೋಡಬೇಕಾದವರಲ್ಲಿ ಮೊದಲನೆಯವರು ನೀವೇ.

ನಮ್ಮ ಕೊಡಗಿನಲ್ಲಿ ಎರಡಲ್ಲ, ಮೂರು

ಎರಡು ಭಾಷೆ ಅಂತ ಹೆಸರಿಟ್ಟಿದ್ದಾರೆ. ಆದರೆ ನಮ್ಮ ಜಿಲ್ಲೆಯಲ್ಲಿ ಲೆಕ್ಕ ಬೇರೆ. ಒಂದು ತರಗತಿಯ ಮಕ್ಕಳನ್ನು ಮನೆಯಲ್ಲಿ ಏನು ಮಾತಾಡುತ್ತೀರಿ ಅಂತ ಕೇಳಿ ನೋಡಿ. ಒಬ್ಬಳು ಕೊಡವ ತಕ್ಕ್ ಅನ್ನುತ್ತಾಳೆ. ಇನ್ನೊಬ್ಬ ಅರೆಭಾಷೆ. ಮತ್ತೊಬ್ಬಳು ಮಲಯಾಳ. ತುಳು ಇದೆ, ತಮಿಳು ಇದೆ. ಎರವರ ಮಾತು ಬೇರೆ, ಜೇನುಕುರುಬರ ಮಾತು ಬೇರೆ. ಈಗ ತೋಟದ ಲೈನ್ ಮನೆಗಳಿಗೆ ಅಸ್ಸಾಮಿನಿಂದ ಬಂದವರ ಮಕ್ಕಳೂ ನಮ್ಮ ಶಾಲೆಗೇ ಬರುತ್ತಾರೆ.

ಈ ಮಕ್ಕಳಿಗೆ ಪುಸ್ತಕದ ಕನ್ನಡವೂ ಮನೆಯ ಮಾತಲ್ಲ. ಕನ್ನಡವನ್ನೇ ಮನೆಯಲ್ಲಿ ಆಡುವ ಮಗುವಿಗೂ ಪುಸ್ತಕದ ಕನ್ನಡ ಕೆಲವು ಸಲ ಬೇರೆ ಭಾಷೆಯ ಹಾಗೇ ಕೇಳುತ್ತದೆ. ಹಾಗಾಗಿ ಮಗುವಿನ ತಲೆಯಲ್ಲಿ ಮೂರು ಮೆಟ್ಟಿಲು. ಮೊದಲು ಮನೆಯ ಮಾತು. ಆಮೇಲೆ ಪುಸ್ತಕದ ಕನ್ನಡ. ಆಮೇಲೆ ಇಂಗ್ಲಿಷ್. ಕೆಳಗಿನ ಮೆಟ್ಟಿಲು ಬಿಟ್ಟು ಮೇಲಿನದಕ್ಕೆ ಹಾರಿದ ಮಗು ಜಾರುತ್ತದೆ. ಆ ಕೆಳಗಿನ ಮೆಟ್ಟಿಲು ನಿಮ್ಮ ಕೈಯಲ್ಲಿದೆ.

ಎಲೆ ಅಡುಗೆ ಮಾಡುತ್ತದೆ

ಈಗ ವಿಜ್ಞಾನದ ಪುಸ್ತಕ ತೆಗೆಯಿರಿ. ಏಳನೇ ತರಗತಿಯ ಮಕ್ಕಳು ಒಂದು ದೊಡ್ಡ ಪದ ಕಲಿಯುತ್ತಾರೆ. ಇಂಗ್ಲಿಷಿನಲ್ಲಿ ಫೋಟೋಸಿಂಥೆಸಿಸ್. ಅಬ್ಬಾ, ಕಷ್ಟ ಅಂತ ಕನ್ನಡದ ಕಡೆ ನೋಡಿದರೆ ಅಲ್ಲಿ ದ್ಯುತಿಸಂಶ್ಲೇಷಣೆ ಅಂತ ಇದೆ! ಅದನ್ನು ಓದಲು ನನಗೂ ಒಂದು ಗುಟುಕು ನೀರು ಬೇಕು. ಒಡೆದು ಓದಿ. ದ್ಯುತಿ ಅಂದರೆ ಬೆಳಕು. ಸಂಶ್ಲೇಷಣೆ ಅಂದರೆ ಬೇರೆ ಬೇರೆ ಇದ್ದುದನ್ನು ಕೂಡಿಸಿ ಒಂದು ಮಾಡುವುದು.

ಸಂಗತಿ ಇಷ್ಟೇ. ಗಿಡ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಅಡುಗೆಮನೆ ಎಲೆ. ಬೇರಿನಿಂದ ನೀರು ಬರುತ್ತದೆ. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಅನ್ನುವ ಅನಿಲ ಬರುತ್ತದೆ. ಒಲೆಯ ಬೆಂಕಿಯ ಬದಲು ಸೂರ್ಯನ ಬೆಳಕು. ಎಲೆಯ ಹಸಿರು ಆ ಬೆಳಕನ್ನು ಹಿಡಿಯುತ್ತದೆ. ಆಗ ಗಿಡಕ್ಕೆ ಬೇಕಾದ ಸಕ್ಕರೆ ತಯಾರಾಗುತ್ತದೆ. ನಾವು ಉಸಿರಾಡುವ ಆಮ್ಲಜನಕ ಹೊರಗೆ ಬರುತ್ತದೆ.

ಇದು ನಿಮಗೆ ಹೊಸದೇ? ಮಳೆಗಾಲಕ್ಕೆ ಮೊದಲು ತೋಟದಲ್ಲಿ ಮರದ ಕೊಂಬೆ ಕಡಿಸುತ್ತಾರೆ. ಯಾಕೆ? ಮಳೆಗಾಲದಲ್ಲಿ ಮೊದಲೇ ಬಿಸಿಲು ಕಡಿಮೆ. ಮೇಲೆ ನೆರಳೂ ದಟ್ಟ ಇದ್ದರೆ ಕಾಫಿ ಗಿಡದ ಎಲೆಗೆ ಬೆಳಕು ಸಾಲದು. ಇದನ್ನು ಮಗಳಿಗೆ ಹೇಳಿ. "ನಮ್ಮ ತೋಟದಲ್ಲಿ ನೆರಳು ತೆಗೆಯುವುದೂ ನಿನ್ನ ಪುಸ್ತಕದ ಪಾಠವೂ ಒಂದೇ" ಅಂತ. ಆ ಪದವನ್ನು ಅವಳು ಆಮೇಲೆ ಮರೆಯುವುದಿಲ್ಲ.

ಅದೇ ಪುಸ್ತಕದಲ್ಲಿ ಹೂವಿನ ಪಾಠ ಬರುತ್ತದೆ. ಒಂದು ಹೂವಿನ ಹುಡಿ ಇನ್ನೊಂದು ಹೂವಿಗೆ ಸೇರಿದರೆ ಕಾಯಿ ಕಟ್ಟುತ್ತದೆ. ಕನ್ನಡದಲ್ಲಿ ಪರಾಗಸ್ಪರ್ಶ. ಇಂಗ್ಲಿಷಿನಲ್ಲಿ ಪಾಲಿನೇಷನ್. ಮಾರ್ಚ್ ಏಪ್ರಿಲಿನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ಜೇನುಹುಳ ಗುಂಯ್ ಅನ್ನುವುದನ್ನು ಕೇಳಿದ್ದೀರಲ್ಲ? ಅರೇಬಿಕಾ ಗಿಡಕ್ಕೆ ತನ್ನದೇ ಹೂವಿನ ಹುಡಿ ಸಾಕು. ರೊಬಸ್ಟಾ ಗಿಡಕ್ಕೆ ಸಾಲದು. ಬೇರೆ ಗಿಡದ ಹುಡಿಯೇ ಬರಬೇಕು. ಗಾಳಿ ತರಬೇಕು, ಜೇನು ತರಬೇಕು. ಹೂವು ಅರಳಿದ ದಿನಗಳಲ್ಲಿ ತೋಟಕ್ಕೆ ಹುಳದ ಔಷಧಿ ಹೊಡೆದರೆ ಜೇನು ಸಾಯುತ್ತದೆ, ಕಾಯಿಯೂ ಕಡಿಮೆಯಾಗುತ್ತದೆ.

ಜೇನುಕುರುಬರ ಹಾಡಿಯಿಂದ ಬರುವ ಮಕ್ಕಳಿಗೆ ಹೆಜ್ಜೇನು ಯಾವುದು, ತುಡುವೆ ಯಾವುದು, ಕೋಲುಜೇನು ಯಾವುದು ಅಂತ ಟೀಚರಿಗಿಂತ ಚೆನ್ನಾಗಿ ಗೊತ್ತು. ಆದರೂ ಪರೀಕ್ಷೆಯಲ್ಲಿ "ಪಾಲಿನೇಷನ್ ಅಂದರೇನು?" ಅಂತ ಕೇಳಿದರೆ ಸುಮ್ಮನೆ ಕೂರುತ್ತಾರೆ. ತನಗೆ ಗೊತ್ತಿರುವುದಕ್ಕೇ ಈ ಹೆಸರು ಅಂತ ಯಾರೂ ಹೇಳಿರುವುದಿಲ್ಲ. ಇದು ನನಗೆ ತುಂಬಾ ಬೇಸರ ತರುವ ಸಂಗತಿ.

ಅರಿಶಿನದ ಕಾಗದ

ವಿಜ್ಞಾನದಲ್ಲಿ ಇನ್ನೊಂದು ಪಾಠವನ್ನು ನೀವೇ ಅಡುಗೆಮನೆಯಲ್ಲಿ ಮಾಡಿಸಬಹುದು. ಆಸಿಡ್ ಮತ್ತು ಬೇಸ್. ಕನ್ನಡದಲ್ಲಿ ಆಮ್ಲ ಮತ್ತು ಪ್ರತ್ಯಾಮ್ಲ. ಹುಳಿ ಇರುವ ವಸ್ತುಗಳಲ್ಲಿ ಆಮ್ಲ ಇರುತ್ತದೆ. ನಿಂಬೆಹಣ್ಣು, ಹುಣಸೆ, ಮೊಸರು. ನಮ್ಮ ಕೊಡಗಿನ ಕಾಚಂಪುಳಿ ಕೂಡ ಆಮ್ಲವೇ. ಪುಳಿ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಮಾಡಿದ್ದಲ್ಲವೇ? ಸುಣ್ಣದ ನೀರು, ಸೋಪಿನ ನೀರು ಪ್ರತ್ಯಾಮ್ಲ. ಮುಟ್ಟಿದರೆ ಜಾರುತ್ತದೆ.

ಒಂದು ಚಮಚ ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಹಚ್ಚಿ. ಒಣಗಿಸಿ. ಪಟ್ಟಿ ಪಟ್ಟಿಯಾಗಿ ಕತ್ತರಿಸಿ. ಒಂದು ಪಟ್ಟಿಗೆ ನಿಂಬೆರಸ ಬಿಡಿ. ಹಳದಿ ಹಾಗೇ ಇರುತ್ತದೆ. ಇನ್ನೊಂದಕ್ಕೆ ಸೋಪಿನ ನೀರು ಬಿಡಿ. ಕೆಂಪಾಗುತ್ತದೆ! ಸುಣ್ಣದ ತಿಳಿ ಬಿಟ್ಟರೂ ಕೆಂಪು. (ಸುಣ್ಣದ ತಿಳಿ ಮಕ್ಕಳ ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ.) ಈಗ ಆ ಕೆಂಪಾದ ಪಟ್ಟಿಯ ಮೇಲೆ ನಿಂಬೆರಸ ಹಿಂಡಿ. ಮತ್ತೆ ಹಳದಿ. ಆಮ್ಲ ಮತ್ತು ಪ್ರತ್ಯಾಮ್ಲ ಒಂದನ್ನೊಂದು ತಣ್ಣಗೆ ಮಾಡಿದವು. ಇದಕ್ಕೆ ಪುಸ್ತಕದಲ್ಲಿ ತಟಸ್ಥೀಕರಣ ಅನ್ನುತ್ತಾರೆ.

ಸಾರು ಚೆಲ್ಲಿದ ಬಿಳಿ ಬಟ್ಟೆಗೆ ಸೋಪು ಹಾಕಿದಾಗ ಕಲೆ ಕೆಂಪಾಗುವುದನ್ನು ನೀವು ನೂರು ಸಲ ನೋಡಿದ್ದೀರಿ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದು ನಿಮ್ಮ ಅಜ್ಜಿಗೂ ಗೊತ್ತಿತ್ತು. ತೋಟದಲ್ಲಿ ಗಿಡಕ್ಕೆ ಸುಣ್ಣ ಹಾಕುವುದೂ ಇದೇ ಲೆಕ್ಕ. ಕೊಡಗಿನ ಜೋರು ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದುಕೊಂಡು ಹೋಗುತ್ತದೆ. ಮಣ್ಣು ಹುಳಿಯಾಗುತ್ತದೆ. ಆ ಹುಳಿ ಇಳಿಸಲು ಸುಣ್ಣ ಹಾಕುತ್ತಾರೆ. ಸುಣ್ಣ ಎರಚಿದ ಕೈ ನಿಮ್ಮದು. ಯಾಕೆ ಎರಚಿದ್ದು ಅನ್ನುವುದು ಮಗಳ ಪುಸ್ತಕದಲ್ಲಿದೆ.

ಲೆಕ್ಕದಲ್ಲಿ ದುಡ್ಡಿದೆ

ಆರು ಏಳನೇ ತರಗತಿಯ ಗಣಿತದಲ್ಲಿ ಭಿನ್ನರಾಶಿ, ದಶಮಾಂಶ, ಶೇಕಡಾ, ಸರಳ ಬಡ್ಡಿ, ಸುತ್ತಳತೆ, ವಿಸ್ತೀರ್ಣ ಎಲ್ಲ ಬರುತ್ತದೆ. ಹೆಸರು ಕೇಳಿ ಹೆದರಬೇಡಿ. ಇದರಲ್ಲಿ ಅರ್ಧಕ್ಕರ್ಧ ನೀವು ದಿನಾ ಮಾಡುವ ಲೆಕ್ಕ.

ದಶಮಾಂಶ ನೋಡೋಣ. ಕಾಫಿ ಕುಯ್ಯುವಾಗ ನಿಮ್ಮ ಚೀಲ 85 ಕೆ.ಜಿ. 500 ಗ್ರಾಂ ತೂಗಿತು. ಮಗಳು ಇದನ್ನು 85.5 ಅಂತ ಬರೆಯುತ್ತಾಳೆ. ಕೆ.ಜಿ.ಗೆ 5 ರೂಪಾಯಿ ಅಂತ ಇಟ್ಟುಕೊಳ್ಳಿ. ಕೂಲಿ 427 ರೂಪಾಯಿ 50 ಪೈಸೆ ಆಗಬೇಕು. ಆದರೆ ಚೀಲದ ತೂಕ ಅಂತ 2 ಕೆ.ಜಿ. ಕಳೆದರು. ಆಗ 417 ರೂಪಾಯಿ 50 ಪೈಸೆ ಸಿಗುತ್ತದೆ. ಖಾಲಿ ಚೀಲವನ್ನು ಒಂದು ಸಲ ತೂಕಕ್ಕೆ ಹಾಕಿ ನೋಡಿ. ಅದು 1 ಕೆ.ಜಿ. ಇದ್ದರೆ ದಿನಕ್ಕೆ 5 ರೂಪಾಯಿ ನಿಮ್ಮದು ಹೋಯಿತು. ಅರವತ್ತು ದಿನದ ಕುಯ್ಲಿಗೆ 300 ರೂಪಾಯಿ. ಈ ಲೆಕ್ಕವನ್ನು ಮಗಳ ಹತ್ತಿರ ಮಾಡಿಸಿ. ಅವಳ ಮನೆಕೆಲಸವೂ ಆಯಿತು, ನಿಮ್ಮ ಕೆಲಸವೂ ಆಯಿತು.

ಬಡ್ಡಿಯ ಲೆಕ್ಕ ಇನ್ನೂ ಮುಖ್ಯ. ನಾವು ಊರಲ್ಲಿ "ನೂರಕ್ಕೆ ತಿಂಗಳಿಗೆ ಮೂರು" ಅನ್ನುತ್ತೇವೆ. ಮೂರು ರೂಪಾಯಿ ತಾನೇ ಅನ್ನಿಸುತ್ತದೆ. ಶಾಲೆಯ ಪುಸ್ತಕ ವರ್ಷದ ಲೆಕ್ಕ ಹೇಳುತ್ತದೆ. ತಿಂಗಳಿಗೆ ನೂರಕ್ಕೆ 3 ಅಂದರೆ ವರ್ಷಕ್ಕೆ ನೂರಕ್ಕೆ 36. ಅಂದರೆ ಶೇಕಡಾ 36. ಇಂಗ್ಲಿಷಿನಲ್ಲಿ ಥರ್ಟಿಸಿಕ್ಸ್ ಪರ್ಸೆಂಟ್. 10,000 ರೂಪಾಯಿ ಸಾಲಕ್ಕೆ ವರ್ಷದ ಬಡ್ಡಿ 3,600 ರೂಪಾಯಿ. ಅದೇ ಸಾಲ ಶೇಕಡಾ 12ರ ಬಡ್ಡಿಗೆ ಸಿಕ್ಕಿದರೆ 1,200 ರೂಪಾಯಿ. ನಡುವೆ 2,400 ರೂಪಾಯಿ ವ್ಯತ್ಯಾಸ. ಸಾಲ ಕೊಡುವವರು ತಿಂಗಳ ಲೆಕ್ಕ ಹೇಳಿದರೆ ಹನ್ನೆರಡರಿಂದ ಗುಣಿಸಿ ನೋಡಿ. ವಾರದ ಲೆಕ್ಕ ಹೇಳಿದರೆ ಐವತ್ತೆರಡರಿಂದ. ಏಳನೇ ತರಗತಿಯ ಮಗುವಿಗೆ ಇದು ಬರುತ್ತದೆ. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದರಲ್ಲಿ ನಾಚಿಕೆ ಇಲ್ಲ.

ಇನ್ನೊಂದು ಚೆಂದದ ಪದ ಇದೆ. ಸೊನ್ನೆಗಿಂತ ಕಡಿಮೆ ಇರುವ ಸಂಖ್ಯೆಗೆ ಇಂಗ್ಲಿಷಿನಲ್ಲಿ ನೆಗೆಟಿವ್ ನಂಬರ್ ಅನ್ನುತ್ತಾರೆ. ಮಕ್ಕಳಿಗೆ ಇದು ತಲೆಗೆ ಹೋಗುವುದೇ ಇಲ್ಲ. ಸೊನ್ನೆಗಿಂತ ಕಡಿಮೆ ಹೇಗೆ ಇರುತ್ತದೆ ಅಂತ ಕೇಳುತ್ತಾರೆ. ಕನ್ನಡದಲ್ಲಿ ಅದಕ್ಕೆ ಋಣ ಸಂಖ್ಯೆ ಅಂತ ಹೆಸರು. ಋಣ ಅಂದರೆ ಸಾಲ. ಕೈಯಲ್ಲಿ ಏನೂ ಇಲ್ಲ, ಮೇಲೆ 500 ರೂಪಾಯಿ ಸಾಲ ಇದೆ. ಅದೇ ಸೊನ್ನೆಗಿಂತ ಕಡಿಮೆ! ಇದನ್ನು ನಿಮಗಿಂತ ಚೆನ್ನಾಗಿ ಯಾರು ವಿವರಿಸುತ್ತಾರೆ?

ಮಳೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ತೋಟದವರೆಲ್ಲ ಮಳೆಯನ್ನು ಇಂಚಿನಲ್ಲಿ ಹೇಳುತ್ತಾರೆ. ಪುಸ್ತಕದಲ್ಲಿ ಮಿಲಿಮೀಟರ್ ಇರುತ್ತದೆ. 1 ಇಂಚು ಅಂದರೆ 25.4 ಮಿಲಿಮೀಟರ್. ನಿನ್ನೆ 4 ಇಂಚು ಮಳೆ ಅಂದರೆ 101.6 ಮಿಲಿಮೀಟರ್. ರೇಡಿಯೋದಲ್ಲಿ ಮಿಲಿಮೀಟರ್ ಲೆಕ್ಕ ಹೇಳಿದರೆ ಇನ್ನು ಮೇಲೆ ನಿಮಗೂ ಗೊತ್ತಾಗುತ್ತದೆ.

ಮನೆಯ ಮಾಡು, ಕೊಡಗಿನ ಬೆಟ್ಟ

ಸಮಾಜ ವಿಜ್ಞಾನದಲ್ಲಿ ಚರಿತ್ರೆ, ಭೂಗೋಳ, ಪೌರನೀತಿ ಮೂರೂ ಸೇರಿವೆ. ಇಲ್ಲಿ ಇಂಗ್ಲಿಷಿನ ಉದ್ದುದ್ದ ವಾಕ್ಯ ಬರುತ್ತದೆ. ಮಕ್ಕಳು ಅರ್ಥವಾಗದೆ ಬಾಯಿಪಾಠ ಮಾಡುವುದು ಇದರಲ್ಲೇ ಹೆಚ್ಚು.

ನದಿಯ ಪಾಠ ಬಂದರೆ ಮನೆಯ ಮಾಡು ತೋರಿಸಿ. ಮಾಡಿನ ನೆತ್ತಿಯ ಮೇಲೆ ಬಿದ್ದ ಮಳೆ ಅರ್ಧ ಮುಂದಿನ ಅಂಗಳಕ್ಕೆ ಬೀಳುತ್ತದೆ, ಅರ್ಧ ಹಿತ್ತಿಲಿಗೆ. ಕೊಡಗಿನ ಬೆಟ್ಟಸಾಲೂ ಹಾಗೇ. ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ ಪೂರ್ವಕ್ಕೆ ಹರಿಯುತ್ತಾಳೆ. ಕೂಡಿಗೆಯ ಹತ್ತಿರ ಹಾರಂಗಿ ಸೇರುತ್ತದೆ. ಕನ್ನಂಬಾಡಿ ಕಟ್ಟೆ ದಾಟಿ, ತಮಿಳುನಾಡು ದಾಟಿ, ಬಂಗಾಳ ಕೊಲ್ಲಿ ಸೇರುತ್ತದೆ ಆ ನೀರು. ನಮ್ಮ ಬೆಟ್ಟದ ಇನ್ನೊಂದು ಬದಿಯ ಬಾರಪೊಳೆ ಪಶ್ಚಿಮಕ್ಕೆ ಇಳಿದು ಕೇರಳಕ್ಕೆ ಹೋಗುತ್ತದೆ, ಅರಬ್ಬೀ ಸಮುದ್ರಕ್ಕೆ. ಒಂದೇ ಮೋಡದ ಮಳೆ, ಎರಡು ಕಡಲು. ಮಣ್ಣಿನ ಸವಕಳಿ ಅನ್ನುವ ಪಾಠವನ್ನು ನಮ್ಮ ಮಕ್ಕಳಿಗೆ ಹೆಚ್ಚು ಹೇಳಬೇಕಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ದೊಡ್ಡವರಾರೂ ಮರೆತಿಲ್ಲ.

ಚರಿತ್ರೆ ಓದುವಾಗ ಇಸವಿಗಳು ಬರುತ್ತವೆ. ನಮ್ಮ ಜಿಲ್ಲೆಯ ಕೆಲವನ್ನು ನೀವೇ ಗುರುತು ಇಟ್ಟುಕೊಳ್ಳಿ. 1834ರಲ್ಲಿ ಬ್ರಿಟಿಷರು ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿದರು. 1837ರಲ್ಲಿ ಅವರ ವಿರುದ್ಧ ರೈತರು ಎದ್ದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷವೇ ಮಡಿಕೇರಿಯಲ್ಲಿ ಗಲ್ಲಿಗೆ ಹಾಕಿದರು. ಸ್ವಾತಂತ್ರ್ಯದ ನಂತರವೂ ಕೊಡಗು ಒಂದು ಬೇರೆ ರಾಜ್ಯವಾಗಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆ ರಾಜ್ಯಕ್ಕೇ 1973ರಲ್ಲಿ ಕರ್ನಾಟಕ ಅಂತ ಹೆಸರಾಯಿತು. ಮನೆಯಲ್ಲಿ ವಯಸ್ಸಾದ ಅಜ್ಜಿ ಇದ್ದರೆ ಆ ಕಾಲದ್ದು ಏನು ಕೇಳಿದ್ದೀರಿ ಅಂತ ಮಗಳೇ ಹೋಗಿ ಕೇಳಲಿ.

ಪೌರನೀತಿಯಲ್ಲಿ ಗ್ರಾಮ ಪಂಚಾಯಿತಿ, ಗ್ರಾಮಸಭೆ ಬರುತ್ತದೆ. ಕರ್ನಾಟಕದಲ್ಲಿ 2010ರಿಂದ ಪಂಚಾಯಿತಿಯ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಗ್ರಾಮಸಭೆಗೆ ಹೋಗುವ ದಿನ ಮಗಳಿಗೆ ರಜೆ ಇದ್ದರೆ ಅವಳನ್ನೂ ಕರೆದುಕೊಂಡು ಹೋಗಿ.

ಭಾಷೆಯ ಪಾಠಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಯಾವ ಮೀಡಿಯಂ ಆದರೂ ಕನ್ನಡ ಇದ್ದೇ ಇರುತ್ತದೆ. 2015ರ ಕಾನೂನು ಹಾಗೆ ಹೇಳುತ್ತದೆ. ಆರನೇ ತರಗತಿಯಿಂದ ಮೂರನೇ ಭಾಷೆಯಾಗಿ ಸಾಮಾನ್ಯವಾಗಿ ಹಿಂದಿ ಬರುತ್ತದೆ. ಆಟ, ಚಿತ್ರ, ಹಾಡು ಇವೆ. ಅವನ್ನು ಕಡೆಗಣಿಸಬೇಡಿ. ಇಂಗ್ಲಿಷ್ ಮಾತಾಡಲು ನಾಚುವ ಎಷ್ಟೋ ಮಕ್ಕಳು ಹಾಡಿನಲ್ಲಿ ನಾಚುವುದಿಲ್ಲ.

ಕಲಿತಿದ್ದಾಳೋ, ಉರು ಹೊಡೆದಿದ್ದಾಳೋ?

ಈಗ ಮುಖ್ಯ ಪ್ರಶ್ನೆ. ಮಗಳು ಇಂಗ್ಲಿಷಿನಲ್ಲಿ ಪಟಪಟ ಅಂತ ಒಂದು ಉತ್ತರ ಹೇಳುತ್ತಾಳೆ. ನಮಗೆ ಖುಷಿ. ನೆಂಟರ ಮುಂದೆ ಹೇಳಿಸುತ್ತೇವೆ. ಆದರೆ ಅವಳಿಗೆ ಅರ್ಥವಾಗಿದೆಯೇ?

ತಿಳಿಯುವುದು ಸುಲಭ. ರಾತ್ರಿ ಊಟದ ಹೊತ್ತಿಗೆ ಹೀಗೆ ಕೇಳಿ.

"ಇವತ್ತು ವಿಜ್ಞಾನದಲ್ಲಿ ಏನು ಹೇಳಿಕೊಟ್ಟರು ಮಗಳೇ?"

"ಅದು ಇಂಗ್ಲಿಷಲ್ಲಿದೆ. ನಿನಗೆ ಗೊತ್ತಾಗಲ್ಲಮ್ಮ."

"ಇರಲಿ. ನಮ್ಮ ಮಾತಲ್ಲಿ ಹೇಳು."

ಆಗ ಅವಳು ಮನೆಯ ಮಾತಿನಲ್ಲಿ, ತಪ್ಪೋ ಸರಿಯೋ, ನಾಲ್ಕು ಮಾತು ಹೇಳಿದರೆ ಅವಳು ಕಲಿತಿದ್ದಾಳೆ. ಕೊಡವ ತಕ್ಕಿನಲ್ಲಿ ಹೇಳಲಿ, ಅರೆಭಾಷೆಯಲ್ಲಿ ಹೇಳಲಿ, ಎರವರ ಮಾತಿನಲ್ಲಿ ಹೇಳಲಿ. ನಡುವೆ ಇಂಗ್ಲಿಷ್ ಪದ ಬಂದರೂ ಬರಲಿ. "ಗೊತ್ತಾಗಲ್ಲ" ಅಂತ ಮತ್ತೆ ಮತ್ತೆ ಹೇಳಿ ಎದ್ದು ಹೋದರೆ ಒಂದು ಅನುಮಾನ ಇಟ್ಟುಕೊಳ್ಳಿ. ಗೊತ್ತಾಗದಿರುವುದು ನಿಮಗಲ್ಲ, ಅವಳಿಗೆ. ಬೈಯಬೇಡಿ. ಮರುದಿನ ಟೀಚರನ್ನು ಕಂಡು, ಈ ಪಾಠ ಅವಳಿಗೆ ಹತ್ತಿಲ್ಲ, ಇನ್ನೊಂದು ಸಲ ಕನ್ನಡದಲ್ಲಿ ಹೇಳಿ ಅಂತ ಕೇಳಿ. ಕೇಳಿಸಿಕೊಳ್ಳುವುದು ಟೀಚರ ಕೆಲಸ. ನಾನೂ ಟೀಚರೇ ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಕೆಲವರು ಮನೆಯಲ್ಲೂ ಮಕ್ಕಳ ಹತ್ತಿರ ಅರ್ಧಂಬರ್ಧ ಇಂಗ್ಲಿಷ್ ಮಾತಾಡುತ್ತಾರೆ. ಮನೆಯ ಮಾತು ಆಡಿದರೆ ಇಂಗ್ಲಿಷ್ ಬರುವುದಿಲ್ಲ ಅಂತ ಯಾರೋ ಹೇಳಿರುತ್ತಾರೆ. ಅದು ಸುಳ್ಳು. ಮನೆಯ ಮಾತು ಗಟ್ಟಿ ಇರುವ ಮಗು ಬೇರೆ ಮಾತನ್ನು ಬೇಗ ಹಿಡಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಬರೆದಿದೆ, ಸಾಧ್ಯವಾದಷ್ಟೂ ಮಗುವಿನ ತಾಯ್ನುಡಿಯಲ್ಲಿ ಕಲಿಸಬೇಕು ಅಂತ. ಮಗು ಹೆದರದೆ ಕಲಿಯುವಂತೆ ಇರಬೇಕು ಅಂತಲೂ ಇದೆ. ಮನೆಯ ಮಾತು ಆಡಿದ್ದಕ್ಕೆ ಶಾಲೆಯಲ್ಲಿ ದಂಡ ಹಾಕಿದರೆ, ನಿಲ್ಲಿಸಿದರೆ, ಅದು ಸರಿಯಲ್ಲ. ನೀವು ಪ್ರಶ್ನೆ ಮಾಡಬಹುದು.

ಎಲ್ಲಿ ಪ್ರಶ್ನೆ ಮಾಡುವುದು? ಸರ್ಕಾರಿ ಶಾಲೆಗೆ ಎಸ್‌ಡಿಎಂಸಿ ಅಂತ ಒಂದು ಸಮಿತಿ ಇದೆ. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಮಕ್ಕಳ ತಂದೆತಾಯಿಯರೇ ಅದರಲ್ಲಿ ಹೆಚ್ಚು ಇರಬೇಕು. ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಸಭೆಗೆ ಹೋದರೆ ಬಿಸಿಯೂಟ, ಕಾಂಪೌಂಡು, ಶೌಚಾಲಯದ ಮಾತು ಬರುತ್ತದೆ. ಅದೂ ಬೇಕು. ಆದರೆ ಪಾಠದ ಮಾತನ್ನೂ ಎತ್ತಿ. ಎರಡು ಭಾಷೆಯ ಪುಸ್ತಕ ಎಲ್ಲ ಮಕ್ಕಳಿಗೂ ಬಂದಿದೆಯೇ? ಇಂಗ್ಲಿಷ್ ವಿಭಾಗಕ್ಕೆ ಟೀಚರ್ ಇದ್ದಾರೆಯೇ, ಅವರಿಗೆ ತರಬೇತಿ ಆಗಿದೆಯೇ? ಏಳನೇ ತರಗತಿ ಮುಗಿದ ಮೇಲೆ ಮುಂದೆ ಯಾವ ಶಾಲೆ, ಅಲ್ಲಿ ಯಾವ ಮೀಡಿಯಂ ಇದೆ? ಈ ಕೊನೆಯ ಪ್ರಶ್ನೆಯನ್ನು ಬೇಗನೆ ಕೇಳಿ. ಊರಿನ ಶಾಲೆ ಏಳಕ್ಕೆ ಮುಗಿದು, ಮುಂದಿನ ಶಾಲೆ ದೂರವಾಗಿ, ಭಾಷೆಯೂ ಬದಲಾದಾಗ ಓದು ಬಿಡುವವರಲ್ಲಿ ಹೆಣ್ಣುಮಕ್ಕಳೇ ಮೊದಲು.

ಮೂರು ಸಾಲಿನ ಪುಸ್ತಕ

ಕೊನೆಗೆ ಒಂದು ಕೆಲಸ ಕೊಡುತ್ತೇನೆ. ಮಗಳ ಹಳೆಯ ನೋಟ್ ಪುಸ್ತಕದಲ್ಲಿ ಖಾಲಿ ಹಾಳೆ ಇರುತ್ತದೆ. ಅದರಲ್ಲಿ ಮೇಲಿಂದ ಕೆಳಕ್ಕೆ ಎರಡು ಗೆರೆ ಎಳೆಯಿರಿ. ಮೂರು ಸಾಲು ಆಯಿತು. ಮೊದಲ ಸಾಲಿನಲ್ಲಿ ಮನೆಯ ಮಾತು. ನಡುವಿನದು ಕನ್ನಡ. ಮೂರನೆಯದು ಇಂಗ್ಲಿಷ್.

ಮೊದಲ ಸಾಲನ್ನು ನೀವೇ ಬರೆಯಬೇಕು. ನಮ್ಮ ಮಾತಿಗೆ ಅಕ್ಷರ ಇಲ್ಲವಲ್ಲ ಅನ್ನಬೇಡಿ. ನೀವು ಕಲಿತ ಕನ್ನಡ ಅಕ್ಷರದಲ್ಲೇ ಬರೆಯಬಹುದು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನೆಲ್ಲ ಸೇರಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಪುಸ್ತಕ ತಂದದ್ದು ಕನ್ನಡ ಅಕ್ಷರದಲ್ಲೇ. ಅರೆಭಾಷೆಯನ್ನೂ ಇದೇ ಅಕ್ಷರದಲ್ಲಿ ಬರೆಯುತ್ತಾರೆ.

ಮೊದಲಿಗೆ ಹೀಗೆ ಶುರು ಮಾಡಿ. ಮನೆಯಲ್ಲಿ ಕೊಡವ ತಕ್ಕ್ ಇದ್ದರೆ ಮೊದಲ ಸಾಲಿನಲ್ಲಿ ಪಾಲ್. ನಡುವೆ ಹಾಲು. ಕೊನೆಗೆ ಮಿಲ್ಕ್. ಆಮೇಲೆ ಪೂ, ಹೂ, ಫ್ಲವರ್. ಆಮೇಲೆ ಪಂದಿ, ಹಂದಿ, ಪಿಗ್. ಮೂರು ಪದ ಬರೆಯುವಷ್ಟರಲ್ಲಿ ಮಗಳೇ ಒಂದು ಸಂಗತಿ ಕಂಡುಹಿಡಿಯುತ್ತಾಳೆ. ನಮ್ಮ 'ಪ' ಕನ್ನಡದಲ್ಲಿ 'ಹ' ಆಗುತ್ತಿದೆಯಲ್ಲಾ ಅಂತ. ಪುತ್ತರಿ ಹುತ್ತರಿ ಆದದ್ದೂ ಹೀಗೇ ಅಂತ ಅವ್ವ ಹೇಳಿಕೊಡಲಿ. ಮನೆಯಲ್ಲಿ ಬೇರೆ ಮಾತು ಇದ್ದರೆ ಅದರ ಪದ ಹಾಕಿ.

ದಿನಕ್ಕೆ ಮೂರು ಪದ ಸಾಕು. ಭಾನುವಾರ ಹಳೆಯದನ್ನು ಓದಿ. ಮಗಳು ಮೊದಲ ಸಾಲು ಓದಲಿ, ನೀವು ಮೂರನೆಯದು ಓದಿ.